ನಾಲ್ಕೈದು ಜನರ ಥ್ಯಾಂಕ್ಸ್‌ಗಿವಿಂಗ್ ಅಡುಗೆ

ಊಟಕ್ಕೆ ಕೂರುವವರು ನಾಲ್ಕೈದು ಜನ ಅಂದಮೇಲೆ 14 ಪೌಂಡಿನ ಇಡೀ ಟರ್ಕಿ ಕೋಳಿ ತರಬೇಡಿ. ಅಮೆರಿಕದ ಅಂಗಡಿಗಳಲ್ಲಿ ನವೆಂಬರ್‌ನಲ್ಲಿ ಮೂಳೆಸಮೇತ ಎದೆಭಾಗ ಮಾತ್ರ ಬೇರೆಯಾಗಿ ಸಿಗುತ್ತದೆ. 5 ಪೌಂಡಿನದು ತಂದರೆ ಎಲ್ಲರಿಗೂ ಆಗಿ ಮರುದಿನಕ್ಕೂ ಉಳಿಯುತ್ತದೆ. ಇಡೀ ಹಕ್ಕಿಯಲ್ಲಿ ತೊಡೆ ಬೇಯುವ ಹೊತ್ತಿಗೆ ಎದೆ ಒಣಗಿ ನಾರಾಗುತ್ತದೆ; ಇಲ್ಲಿ ಆ ಗೋಜೇ ಇಲ್ಲ.

ಅಮೆರಿಕದ ಈ ಹಬ್ಬ ನವೆಂಬರ್‌ನ ನಾಲ್ಕನೇ ಗುರುವಾರ. ಫ್ರೀಜರ್‌ನಲ್ಲಿದ್ದದ್ದನ್ನು ಸೋಮವಾರ ರಾತ್ರಿಯೇ ಅಂಚಿರುವ ತಟ್ಟೆಯಲ್ಲಿಟ್ಟು ಫ್ರಿಜ್‌ನ ಕೆಳ ಹಲಗೆಗೆ ಇಳಿಸಿ. 4-5 ಪೌಂಡ್ ಕರಗಲು ಪೂರ್ತಿ ಒಂದು ದಿನ ಬೇಕು. ಕಟ್ಟೆಯ ಮೇಲೆ ಇಟ್ಟರೆ ಬೇಗ ಕರಗೀತು, ಆದರೆ ಒಳಗೆ ಮಂಜಿರುವಾಗಲೇ ಹೊರಗೆ ರೋಗಾಣು ಬೆಳೆಯುತ್ತದೆ. ತೊಳೆಯಲೂ ಬೇಡಿ. ನಮ್ಮವರಿಗೆ ತೊಳೆಯದೆ ಸಮಾಧಾನವಿಲ್ಲ, ಗೊತ್ತು. ಆದರೆ ಸಿಂಕ್‌ನಿಂದ ಹಾರುವ ನೀರು ಪಕ್ಕದ ಸೊಪ್ಪು, ತರಕಾರಿಯ ಮೇಲೆ ಬೀಳುತ್ತದೆ. ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ಬುಧವಾರ ಬೆಳಿಗ್ಗೆ ಒಂದೂವರೆ ಟೀ ಚಮಚ ಪುಡಿ ಉಪ್ಪನ್ನು ಚರ್ಮದ ಮೇಲೂ ಅಡಿಗೂ ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಚರ್ಮ ಒಣಗಿದಷ್ಟೂ ಗರಿಗರಿ. ಕವರಿನ ಮೇಲೆ ಮೊದಲೇ ಉಪ್ಪುನೀರು ಸೇರಿಸಿದೆ ಎಂದಿದ್ದರೆ ಮಾತ್ರ ಉಪ್ಪು ಹಚ್ಚಬೇಡಿ.

ಗುರುವಾರ ಬೆಣ್ಣೆ ಸವರಿ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಡಿ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ: ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿದಾಗ 165 ತೋರಿಸಬೇಕು. ಮೂಳೆಗೆ ತಾಗಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ 25 ನಿಮಿಷ ಹೊರಗೆ ಹಾಗೇ ಬಿಡಿ, ರಸ ಒಳಗೇ ನಿಲ್ಲುತ್ತದೆ. ಇರುವ ಒಂದೇ ಓವನ್ ಖಾಲಿಯಾಗುವುದು ಆಗಲೇ. ಬ್ರೆಡ್ ತುಂಡುಗಳ ಸ್ಟಫಿಂಗ್, ಓವನ್‌ನಲ್ಲಿ ಬೇಯಿಸುವ ಬೀನ್ಸ್ ಕ್ಯಾಸರೋಲ್ ಎರಡನ್ನೂ ಹಿಂದಿನ ದಿನವೇ ಜೋಡಿಸಿ ಫ್ರಿಜ್‌ನಲ್ಲಿಟ್ಟಿದ್ದು, ಓವನ್ ಖಾಲಿಯಾಗುವುದಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದು ಈಗ ಒಳಗೆ ತಳ್ಳಿ. ಗಡಿಬಿಡಿಯೆಲ್ಲ ಹುಟ್ಟುವುದು ಎಲ್ಲವನ್ನೂ ಒಟ್ಟಿಗೆ ಓವನ್‌ಗೆ ಇಡಲು ಹೋದಾಗ.

ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಡಬ್ಬಿಗಳ ಹಿಂಭಾಗ ಓದಲೇಬೇಕು. ಸ್ಟಫಿಂಗ್ ಪೊಟ್ಟಣದಲ್ಲಿ ಕೋಳಿ ಸಾರು ಇರಬಹುದು, ಕೊಂಡು ತಂದ ಪೈ ಹಿಟ್ಟಿನಲ್ಲಿ ಹಂದಿ ಕೊಬ್ಬು ಇರಬಹುದು, ಸಿಹಿಗೆಣಸಿನ ಮೇಲೆ ಹಾಕುವ ಮೆತ್ತನೆಯ ಸಕ್ಕರೆ ಮಿಠಾಯಿ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಗ್ರೇವಿಯನ್ನು ಅಣಬೆ ಬೇಯಿಸಿದ ನೀರಿನಲ್ಲೇ ಮಾಡಿಬಿಟ್ಟರೆ ಎಲ್ಲರಿಗೂ ಒಂದೇ ಆಗುತ್ತದೆ. ಕಾಲು ಕಪ್ ಬೆಣ್ಣೆಯಲ್ಲಿ ಕಾಲು ಕಪ್ ಮೈದಾ ಹಸಿವಾಸನೆ ಹೋಗಿ ಕೆಂಪಗಾಗುವವರೆಗೆ ಹುರಿದು, ಎರಡು ಕಪ್ ಆ ಬಿಸಿ ಅಣಬೆ ನೀರನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕೈಬಿಡದೆ ತಿರುವಿ. ಒಂದೇ ಸಲ ಸುರಿದರೆ ಗಂಟು ಗ್ಯಾರಂಟಿ.

ಆಲೂಗಡ್ಡೆ 2 ಪೌಂಡ್ ಸಾಕು. ತಣ್ಣೀರಿನಲ್ಲೇ ಹಾಕಿ ಬೇಯಿಸಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ಬಸಿದು, ಬಿಸಿ ಹಾಲು, ಬೆಣ್ಣೆ ಸೇರಿಸಿ ಕೈಯಲ್ಲೇ ಮಸೆಯಿರಿ. ಮಿಕ್ಸಿಗೆ ಹಾಕಿದರೆ ಪಿಷ್ಟ ಬಿಟ್ಟುಕೊಂಡು ಅಂಟಂಟಾಗುತ್ತದೆ, ಅದನ್ನು ಸರಿಪಡಿಸುವ ದಾರಿಯಿಲ್ಲ.

ಕ್ರ್ಯಾನ್‌ಬೆರಿಯ ಕೆಲಸ ಮಂಗಳವಾರವೇ ಮುಗಿಸಿ. 12 ಔನ್ಸ್ ಹಣ್ಣು, ಒಂದು ಕಪ್ ನೀರು, ಒಂದು ಕಪ್ ಸಕ್ಕರೆ. ಹಣ್ಣು ಪಟಪಟನೆ ಒಡೆಯುವವರೆಗೆ ಹತ್ತು ನಿಮಿಷ. ತೆಳ್ಳಗಿದೆಯೆಂದು ಇನ್ನೂ ಕುದಿಸಬೇಡಿ, ಆರಿದಮೇಲೆ ತಾನೇ ಗಟ್ಟಿಯಾಗುತ್ತದೆ. ಸಕ್ಕರೆಯ ಬದಲು ಮುಕ್ಕಾಲು ಕಪ್ ಬೆಲ್ಲ, ಉಪ್ಪು, ಅಚ್ಚಖಾರದ ಪುಡಿ ಹಾಕಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಸೊಗಸಾದ ಗೊಜ್ಜು. ಹಣ್ಣೇ ಅಷ್ಟು ಹುಳಿ, ಹುಣಸೆಹಣ್ಣು ಬೇಡ.

ಪಂಪ್‌ಕಿನ್ ಪೈ ಬುಧವಾರವೇ ಆಗಲಿ. ನಡುಭಾಗ ತುಸು ಅಲುಗಾಡುವಾಗಲೇ ತೆಗೆಯಿರಿ. ಪೂರ್ತಿ ಗಟ್ಟಿಯಾಗಲೆಂದು ಬಿಟ್ಟರೆ ಮೇಲೆ ಬಿರುಕು ಬಿಡುತ್ತದೆ.

ಉಳಿದದ್ದು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗಳಲ್ಲಿ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದಲ್ಲಿ ಖರ್ಚಾಗಬೇಕು. ಮೂಳೆ ಎಸೆಯಬೇಡಿ. ಕುಕ್ಕರ್‌ನಲ್ಲಿ ಈರುಳ್ಳಿ, ಶುಂಠಿ, ಕಾಳುಮೆಣಸಿನ ಜೊತೆ ಅರ್ಧ ಗಂಟೆ ಕುದಿಸಿ ಸೋಸಿಟ್ಟರೆ ಶುಕ್ರವಾರದ ಸಾರಿಗಾಗುತ್ತದೆ.