ಹಳೇ ನೋವಿಗೆ ಹೊಸ ಡಾಕ್ಟರ್: ಹುಡುಕುವುದು ಹೇಗೆ?

ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ದೀರ್ಘಕಾಲದ ನೋವು ಅಂತಾರೆ. ಸೊಂಟ, ಮಂಡಿ, ಕುತ್ತಿಗೆ, ಯಾವುದಾದರೂ ಆಗಬಹುದು. ಇಂಥ ನೋವಿರುವವರಿಗೆ ಡಾಕ್ಟರ್ ಬದಲಿಸುವ ಕಾಲ ಬಂದೇ ಬರುತ್ತದೆ. ಇದ್ದವರಿಗೆ ವರ್ಗವಾಗುತ್ತದೆ, ಇಲ್ಲವೇ ಮಾತ್ರೆ ನಾಟುವುದು ನಿಲ್ಲುತ್ತದೆ. ನೆಂಟರ ಜೊತೆ ಶಿವಮೊಗ್ಗದ ಆಸ್ಪತ್ರೆಗಳಿಗೆ ಓಡಾಡುವಾಗ ನಾನು ಪದೇ ಪದೇ ನೋಡುವುದು ಒಂದೇ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬೆಳಗಿನ ಬಸ್ಸಿಗೆ ಬಂದು, ಮಧ್ಯಾಹ್ನದವರೆಗೆ ಕಾದು, ಒಳಗೆ ಹೋದಮೇಲೆ "ಮೈಯೆಲ್ಲಾ ನೋವು ಸಾರ್" ಅಂದು ಸುಮ್ಮನಾಗಿಬಿಡುತ್ತಾರೆ. ಐದು ದಿನದ ಮಾತ್ರೆ ಬರೆಸಿಕೊಂಡು ವಾಪಸ್.

ಮೊದಲಿಗೆ, ಹೊಸಬರು ಸಿಗುವವರೆಗೆ ಹಳೇ ಔಷಧಿ ಬಿಡಬೇಡಿ. ನರದ ನೋವಿಗೆ ಕೊಡುವ ಪ್ರೀಗಾಬಲಿನ್, ಗ್ಯಾಬಾಪೆಂಟಿನ್, ಹಾಗೇ ಸ್ಟೀರಾಯ್ಡ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಜಾಸ್ತಿ. ಜೋರು ನೋವಿಗೆ ಕೊಡುವ ಟ್ರಾಮಡಾಲ್ ಕೂಡ ಹಾಗೇ. ಅದು 2018ರಿಂದ ಮಾದಕ ವಸ್ತು ಕಾಯ್ದೆಯ ಅಡಿ ಬಂದಿದೆ, ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವ ಹಾಗಿಲ್ಲ. ಹಾಗಾಗಿ ಹಳೇ ಡಾಕ್ಟರ ಹತ್ತಿರ ಮುಂದಿನ ಭೇಟಿವರೆಗಿನ ಔಷಧಿಗೆ ಚೀಟಿ ಬರೆಸಿಕೊಂಡೇ ಹುಡುಕಾಟ ಶುರುಮಾಡಿ.

ಆಮೇಲೆ, ಯಾರ ಹತ್ತಿರ ಹೋಗಬೇಕು? ಎಲ್ಲರೂ ನೇರ ಮೂಳೆ ಡಾಕ್ಟರ ಹತ್ತಿರ ಓಡುತ್ತಾರೆ. ಬೆಳಿಗ್ಗೆ ಎದ್ದಾಗ ಕೈಬೆರಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದು, ಗೆಣ್ಣು ಊದುತ್ತಿದ್ದರೆ ನೋಡಬೇಕಾದವರು ಸಂಧಿವಾತದ ತಜ್ಞರು, ಅಂದರೆ ರುಮಟಾಲಜಿಸ್ಟ್. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ ಆಗುತ್ತಿದ್ದರೆ ನರದವರು. ಎಲ್ಲ ಪರೀಕ್ಷೆ ಸರಿಯಿದ್ದೂ ನೋವು ಬಿಡದಿದ್ದರೆ ನೋವಿನ ಕ್ಲಿನಿಕ್‌. ಅಲ್ಲಿ ಹೆಚ್ಚಾಗಿ ಇರುವವರು ಅರಿವಳಿಕೆ ಓದಿ, ನೋವಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು. ಯಾವುದೂ ಗೊತ್ತಾಗದಿದ್ದರೆ ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್ ಸಾಕು. ಅಲ್ಲಿಂದ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನವರಿಗೆ ಮುಂದೆ ದೊಡ್ಡ ಚಿಕಿತ್ಸೆ ಬೇಕಾದರೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಬೆನ್ನುನೋವಿನ ಜೊತೆ ಕಾಲು ಸೋಲುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ಹುಡುಕುತ್ತಾ ಕೂರಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ವೆಬ್‌ಸೈಟಿನಲ್ಲಿ ನೋಡಬಹುದು.

ಇನ್ನು ಎಲ್ಲರೂ ಎಡವುವ ಜಾಗ. ಹೋಗುವ ಮುಂಚೆ ಒಂದು ಹಾಳೆ ಬರೆಯಬೇಕು. ಒಂದೇ ಹಾಳೆ, ಒಂದೇ ಮಗ್ಗುಲು. ನೋಟ್‌ಬುಕ್ ಕೊಟ್ಟರೆ ಯಾರೂ ಓದುವುದಿಲ್ಲ.

ಮೇಲ್ಗಡೆ ನೋವು ಎಲ್ಲಿ, ಯಾವಾಗಿನಿಂದ, ಶುರುವಾಗುವ ಮುಂಚೆ ಏನಾಗಿತ್ತು ಅಂತ ಬರೆಯಿರಿ. ಬಿದ್ದಿದ್ದು, ಹೆರಿಗೆ, ಚಿಕೂನ್‌ಗುನ್ಯಾ, ಏನಿದ್ದರೂ ಸರಿ. ಚಿಕೂನ್‌ಗುನ್ಯಾದ ಕೀಲುನೋವು ಜ್ವರ ಬಿಟ್ಟು ತಿಂಗಳುಗಟ್ಟಲೆ ಉಳಿಯುವುದುಂಟು. ಮನೆತನದಲ್ಲಿ ಹಂದಿಗೋಡು ಕಾಯಿಲೆ ಇದ್ದರೆ ಬರೆಯಲೇಬೇಕು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಗೊತ್ತಾದ, ವಂಶದಲ್ಲಿ ಬರುವ ಈ ಕಾಯಿಲೆ ಸೊಂಟದ ಕೀಲನ್ನು ತಿನ್ನುತ್ತದೆ. ಹೊರಗಿನ ಡಾಕ್ಟರು ತಾವಾಗಿ ಕೇಳಲಿಕ್ಕಿಲ್ಲ.

ನಡುವೆ, ನೋವಿನಿಂದ ಯಾವ ಕೆಲಸ ತಪ್ಪಿದೆ ಅಂತ. "ತುಂಬಾ ನೋವು" ಅಂದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. "ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೆ ಏಳಬೇಕು, ಹೋದ ವರ್ಷ ರಾತ್ರಿ ಹತ್ತರವರೆಗೆ ಕೂರುತ್ತಿದ್ದೆ" ಅನ್ನಿ. "ಬಚ್ಚಲೊಲೆಗೆ ಸೌದೆ ತುಂಬಲು ಬಗ್ಗಿದರೆ ಎಡಗಾಲಿನ ಹಿಮ್ಮಡಿವರೆಗೆ ಎಳೆಯುತ್ತದೆ" ಅನ್ನಿ. ಈ ಎರಡನೇ ಮಾತೊಂದರಿಂದಲೇ ಬೆನ್ನಿನ ನರ ಒತ್ತಿರಬಹುದಾ ಅಂತ ಅವರು ಯೋಚಿಸುತ್ತಾರೆ. ನಿದ್ದೆ ಹೇಗಿದೆ ಅನ್ನುವುದನ್ನೂ ಸೇರಿಸಿ.

ಕೆಳಗಡೆ ಔಷಧಿ. ಹೆಸರು, ಎಷ್ಟು ಎಂಜಿ, ಎಷ್ಟು ದಿನ ತಿಂದಿರಿ, ಏನಾಯಿತು, ಯಾಕೆ ಬಿಟ್ಟಿರಿ. "ಬಿಳಿ ಮಾತ್ರೆ" ಅಂತ ಬರೆಯಬೇಡಿ, ಮಾತ್ರೆ ಮುಗಿದ ಖಾಲಿ ಶೀಟನ್ನೇ ಹಾಳೆಗೆ ಪಿನ್ ಮಾಡಿ. ಸಕ್ಕರೆ, ಬಿಪಿ ಮಾತ್ರೆಯೂ ಬರಲಿ. ನಾಟಿ ಔಷಧಿ ಮುಚ್ಚಿಡಬೇಡಿ, ಬೈಯುತ್ತಾರೆ ಅಂತ ಹೆದರಲೂಬೇಡಿ. ಲೇಬಲ್ ಇಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನಕ್ಕೆ ನೋವು ಮಾಯವಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಅಂಥ ಪುಡಿಯನ್ನು ಯಾರು ಕೊಟ್ಟರೂ ತಗೋಬೇಡಿ. ಈಗಾಗಲೇ ತುಂಬಾ ದಿನದಿಂದ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ, ಅವರು ಹೇಳಿದ ಹಾಗೇ ಬಿಡಿ.

ರಿಪೋರ್ಟುಗಳಿಗೆ ಹತ್ತಾರು ಜೇಬಿರುವ ಜಿಪ್ ಬ್ಯಾಗ್ ಬೇಡ. ಒಳಗೆ ಹುಡುಕುವುದರಲ್ಲೇ ನಿಮ್ಮ ಸಮಯ ಮುಗಿಯುತ್ತದೆ. ಸಾದಾ ಫೈಲು, ಹೊಸದು ಮೇಲೆ, ಹಳೆಯದು ಕೆಳಗೆ. ಎಕ್ಸ್‌ರೇ ಫಿಲ್ಮನ್ನು ಅಟ್ಟಕ್ಕೆ ಹಾಕಬೇಡಿ, ನಮ್ಮ ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿಯುತ್ತದೆ. ಕಿಟಕಿ ಗಾಜಿಗೆ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಎಂಆರ್‌ಐ ಆದರೆ ಸಿಡಿ ಕೇಳಿ ತಗೊಳ್ಳಿ.

ಜೊತೆಗೆ ಒಬ್ಬರು ಇರಲಿ, ಆದರೆ ನಿಮ್ಮ ಮಾತು ಕಸಿದುಕೊಳ್ಳುವವರು ಬೇಡ.

ಡಾಕ್ಟರ್ ಮುಟ್ಟಿ, ಬಗ್ಗಿಸಿ ನೋಡಿದರಾ? ಈ ಮಾತ್ರೆ ಎಷ್ಟು ದಿನ, ನಾಟದಿದ್ದರೆ ಮುಂದೇನು ಅಂತ ಹೇಳಿದರಾ? ಹಾಗಿದ್ದರೆ ಎರಡು ಮೂರು ಭೇಟಿಯಾದರೂ ಅವರನ್ನೇ ನೋಡಿ, ಇಂಥ ನೋವು ವಾರದಲ್ಲಿ ಇಳಿಯುವುದಿಲ್ಲ. ಪ್ರತಿ ಸಲವೂ ಬರೀ ಇಂಜೆಕ್ಷನ್, "ಪೂರ್ತಿ ವಾಸಿ ಮಾಡ್ತೀನಿ" ಅನ್ನುವ ಗ್ಯಾರಂಟಿ, "ಎಲ್ಲಾ ನಿಮ್ಮ ಮನಸ್ಸಿನದ್ದು" ಅನ್ನುವ ಉತ್ತರ ಸಿಕ್ಕರೆ ಬೇರೆಯವರನ್ನು ನೋಡಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಮೊದಲ ಭೇಟಿಯಲ್ಲೇ ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಬೇಕಾ ಅಂತ ಬಾಯಿಬಿಟ್ಟು ಕೇಳಿ.