ಬಾಣಂತಿಯ ಕಣ್ಣೀರು: ಮನೆಯವರು ಮಾಡಬೇಕಾದ್ದು

ಹೆರಿಗೆಯಾದ 3ನೇ, 4ನೇ ದಿನ ಬಾಣಂತಿ ಕಾರಣವಿಲ್ಲದೆ ಅತ್ತರೆ ಗಾಬರಿ ಬೇಡ. ಹಾರ್ಮೋನು ಒಮ್ಮೆಲೇ ಇಳಿಯುವ ಹೊತ್ತು ಅದು. ಬಹುಪಾಲು ತಾಯಂದಿರು ಅಳುತ್ತಾರೆ, ಎರಡು ವಾರದೊಳಗೆ ತಾನಾಗಿ ಸರಿಹೋಗುತ್ತದೆ. ಹೆರಿಗೆಯ ತಾರೀಖಿಗೆ 14 ದಿನ ಸೇರಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ದಾಟಿಯೂ ಅಳು ನಿಲ್ಲದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸೇ ಬಾರದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಹತ್ತದಿದ್ದರೆ ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಿ. ಖಿನ್ನತೆ ತಿಂಗಳುಗಳ ನಂತರವೂ ಶುರುವಾಗಬಹುದು.

ಮನೆಯಲ್ಲೇ ಆಗುವ ಕೆಲಸದಲ್ಲಿ ಮೊದಲನೆಯದು ನಿದ್ದೆ. ನಮ್ಮ ಬಾಣಂತನದಲ್ಲಿ ಎಣ್ಣೆನೀರು, ಸಾಂಬ್ರಾಣಿ, ಮೆಣಸಿನ ಸಾರು ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತವೆ, ರಾತ್ರಿ ಮಾತ್ರ ಪೂರ್ತಿ ಅವಳ ಪಾಲಿಗೆ. 9 ಗಂಟೆಗೆ ಹಾಲೂಡಿಸಿ ಅವಳು ಮಲಗಲಿ, 1 ಗಂಟೆವರೆಗೆ ಮಗು ಬೇರೆಯವರ ಕೈಯಲ್ಲಿರಲಿ. ನಡುವೆ ಹಸಿದರೆ ಮೊದಲೇ ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿ; ಕುದಿಸಬೇಕಾದ್ದು ತೊಳೆದ ಒಳಲೆಯನ್ನು, ಹಾಲನ್ನಲ್ಲ. ಹೊರಗಿಟ್ಟ ಹಾಲನ್ನು ಹಿಂಡಿದ ನಾಲ್ಕು ತಾಸಿನೊಳಗೆ ಬಳಸಬೇಕು; ಬೇಸಿಗೆಯಾದರೆ ಫ್ರಿಜ್ಜಿನಲ್ಲಿಡಿ. ಈ ಏರ್ಪಾಡು ಕೆಡುವುದು ಒಂದೇ ಕಡೆ: ಮಗು ಅದೇ ಕೋಣೆಯಲ್ಲಿದ್ದರೆ ಸಣ್ಣ ಕುಸುಗುಟ್ಟುವಿಕೆಗೂ ತಾಯಿ ಎದ್ದು ಕೂರುತ್ತಾಳೆ. ತೊಟ್ಟಿಲು ಪಕ್ಕದ ಕೋಣೆಗೆ ಹೋಗಲಿ.

"ಹೇಗಿದ್ದೀಯ?" ಅಂದರೆ "ಚೆನ್ನಾಗಿದ್ದೀನಿ" ಎಂದೇ ಉತ್ತರ ಬರುತ್ತದೆ. ಮಗುವಿಗೆ ಎರೆಯುವ ಹೊತ್ತಿನಲ್ಲಿ, ಅವಳೊಬ್ಬಳೇ ಇದ್ದಾಗ ಬಿಡಿಸಿ ಕೇಳಿ: "ಈ ವಾರ ಯಾವುದಕ್ಕಾದರೂ ನಗು ಬಂತಾ? ಯಾವುದಕ್ಕೆ ಹೆದರಿಕೆ ಆಗುತ್ತೆ? ಸತ್ತುಹೋಗಬೇಕು ಅನ್ನಿಸಿತ್ತಾ?" ಕೊನೆಯದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. "ನಾವೂ ಆರು ಹೆತ್ತಿಲ್ವಾ", "ಹಾಲು ಸಾಲ್ತಿಲ್ಲವೇನೋ", "ಮತ್ತೆ ಹೆಣ್ಣಾ?" ಎನ್ನುವವರನ್ನು ಪಡಸಾಲೆಯಲ್ಲೇ ಕಾಫಿ ಕೊಟ್ಟು ಕಳಿಸುವುದು ಅವಳ ತಾಯಿಯ ಕೆಲಸ. ಬೇರೆ ಊರಲ್ಲಿರುವ ಗಂಡನೂ ವಿಡಿಯೋ ಕಾಲ್‌ನಲ್ಲಿ ಮಗುವನ್ನಷ್ಟೇ ನೋಡಿ ಇಡಬಾರದು, ದಿನಕ್ಕೆ ಹತ್ತು ನಿಮಿಷ ಅವಳ ಮಾತು ಕೇಳಲಿ.

ಎರಡು ವಾರ ಕಾಯುವ ಲೆಕ್ಕ ಸನ್ನಿಗೆ, ಅಂದರೆ ಹೆರಿಗೆಯ ನಂತರ ಬರುವ ತೀವ್ರ ಮನೋರೋಗಕ್ಕೆ, ಇಲ್ಲ. ಬಾಣಂತಿ ಸನ್ನಿ ಸಾವಿರ ಹೆರಿಗೆಯಲ್ಲಿ ಒಂದೆರಡಕ್ಕೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ರಾತ್ರಿಯಿಡೀ ಎಚ್ಚರ, ತಾಳಮೇಳವಿಲ್ಲದ ಮಾತು, ಯಾರೋ ಮಾತಾಡಿದಂತೆ ಕೇಳಿಸುವುದು, ಈ ಮಗು ನನ್ನದಲ್ಲ ಎನ್ನುವುದು ಅದರ ಗುರುತು. ದೃಷ್ಟಿ ತೆಗೆಯುತ್ತಾ ಕೂರಬೇಡಿ. ಮಗುವಿನ ಜತೆ ಅವಳನ್ನು ಒಬ್ಬಳೇ ಬಿಡದೆ, ನಡುರಾತ್ರಿಯಾದರೂ ಹೊರಡಿ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ಪೂರ್ತಿ ಗುಣವಾಗುತ್ತಾರೆ.

ವೈದ್ಯರಿಗೆ ಎದೆಹಾಲು ಕೊಡುತ್ತಿರುವುದನ್ನು ಹೇಳಿ, ಅದಕ್ಕೆ ಹೊಂದುವ ಮಾತ್ರೆಗಳಿವೆ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ, ಅವೂ ಸುಸ್ತು, ಬೇಸರ ತರುತ್ತವೆ. ಸ್ವಲ್ಪ ಹುಷಾರಾದಳೆಂದು ಮಾತ್ರೆ ನಿಲ್ಲಿಸಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ ಇದೆ.