ಪಿಎಚ್‌ಪಿಯಲ್ಲಿ ಫಂಕ್ಷನಲ್ ಶೈಲಿ: ಒಂದು ಬಿಲ್‌ನಿಂದ ಶುರು ಮಾಡಿ

ಪಿಎಚ್‌ಪಿ ಎಂದರೆ ವೆಬ್ ಪುಟಗಳನ್ನು ಬರೆಯುವ ಪ್ರೋಗ್ರಾಮಿಂಗ್ ಭಾಷೆ. ಹಳೇ ಪಿಎಚ್‌ಪಿ ಪುಟ ತೆರೆದರೆ ಎಲ್ಲವೂ ಒಂದೇ ಕಡೆ ಕಲಸಿರುತ್ತದೆ. ಡೇಟಾಬೇಸ್‌ನಿಂದ ಆರ್ಡರ್ ತರುವುದು, ಲೂಪ್‌ನಲ್ಲಿ ಲೆಕ್ಕ ಹಾಕುವುದು, ಅಲ್ಲೇ ಪರದೆಗೆ ಕಳಿಸುವುದು. ನಾನು ಬರೆದ ಒಂದು ಪುಟದಲ್ಲಿ ಒಟ್ಟು ಮೊತ್ತದ ಗ್ಲೋಬಲ್ ವೇರಿಯಬಲ್ಲನ್ನು (ಎಲ್ಲ ಕಡೆಯಿಂದಲೂ ಬದಲಿಸಬಹುದಾದ ಹೆಸರನ್ನು) ಇನ್ನೊಂದು ಫೈಲ್ ಸದ್ದಿಲ್ಲದೆ ಬದಲಿಸುತ್ತಿತ್ತು. ಪತ್ತೆ ಹಚ್ಚಲು ಎರಡು ದಿನ ಹಿಡಿಯಿತು. ಆಮೇಲೆ ನಾನು ಬರೆಯುವ ರೀತಿಯನ್ನೇ ಫಂಕ್ಷನಲ್ ಶೈಲಿಗೆ ಬದಲಿಸಿಕೊಂಡೆ. ಅಂದರೆ, ಕೊಟ್ಟದ್ದನ್ನು ನೋಡಿ ಉತ್ತರ ಮಾತ್ರ ಕೊಡುವ ಪುಟ್ಟ ಫಂಕ್ಷನ್‌ಗಳನ್ನು ಜೋಡಿಸುತ್ತಾ ಹೋಗುವುದು.

ಇದಕ್ಕೆ ಹೊಸ ಭಾಷೆ ಬೇಕಿಲ್ಲ. ಹೆಸರಿಲ್ಲದ ಫಂಕ್ಷನ್ ಪಿಎಚ್‌ಪಿಗೆ 2009ರಲ್ಲೇ, 5.3 ಆವೃತ್ತಿಯ ಜೊತೆ ಬಂತು. ‘ಎಫ್‌ಎನ್’ ಎಂದು ಶುರುವಾಗುವ ಪುಟ್ಟ ಬಾಣದ ಫಂಕ್ಷನ್ 2019ರ 7.4ರಲ್ಲಿ ಸೇರಿತು.

ಮೊದಲು ಲೆಕ್ಕವನ್ನು ಬೇರೆ ಮಾಡಿ. ಲೆಕ್ಕದ ಫಂಕ್ಷನ್ ತನಗೆ ಕೊಟ್ಟದ್ದನ್ನು ಮಾತ್ರ ನೋಡಬೇಕು, ಉತ್ತರ ವಾಪಸ್ ಕೊಡಬೇಕು, ಅಷ್ಟೇ. ಒಳಗೆ ಡೇಟಾಬೇಸ್ ಬೇಡ, ಎಕೋ (ಪರದೆಗೆ ಬರೆಯುವ ಆದೇಶ) ಬೇಡ, ಗ್ಲೋಬಲ್ ಬೇಡ. ಇವತ್ತಿನ ತಾರೀಖು ಬೇಕಿದ್ದರೂ ಅದನ್ನು ಹೊರಗಿನಿಂದಲೇ ಕೊಡಿ.

ಈಗ ಲೂಪ್ ಬಿಡಿಸೋಣ. 200, 900, 1200 ರೂಪಾಯಿಯ ಮೂರು ಆರ್ಡರ್ ಇವೆ, 900ರದ್ದು ರದ್ದಾಗಿದೆ ಎಂದುಕೊಳ್ಳಿ. ಅರೇ ಎಂದರೆ ಪಟ್ಟಿ. ಅರೇ_ಫಿಲ್ಟರ್ ರದ್ದಾದದ್ದನ್ನು ತೆಗೆಯುತ್ತದೆ. ಅರೇ_ಮ್ಯಾಪ್ ಉಳಿದವಕ್ಕೆ ಶೇ 5 ತೆರಿಗೆ ಸೇರಿಸಿ 210 ಮತ್ತು 1260 ಕೊಡುತ್ತದೆ. ಅರೇ_ರೆಡ್ಯೂಸ್ ಕೂಡಿಸಿ 1470 ಕೊಡುತ್ತದೆ. ರೆಡ್ಯೂಸ್‌ಗೆ ಆರಂಭದ ಬೆಲೆಯಾಗಿ 0 ಕೊಡಲು ಮರೆಯಬೇಡಿ. ಇಲ್ಲದಿದ್ದರೆ ಖಾಲಿ ಪಟ್ಟಿಗೆ ಉತ್ತರ ಸೊನ್ನೆ ಬರುವುದಿಲ್ಲ, ನಲ್ (ಏನೂ ಇಲ್ಲ ಎಂಬ ಗುರುತು) ಬರುತ್ತದೆ. ಬರೀ ಕೂಡುವುದಿದ್ದರೆ ಅರೇ_ಸಮ್ ಸಾಕು.

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮ್ಯಾಪ್‌ಗೆ ಫಂಕ್ಷನ್ ಮೊದಲು, ಪಟ್ಟಿ ಆಮೇಲೆ. ಫಿಲ್ಟರ್‌ಗೆ ಇದು ಉಲ್ಟಾ. ಇನ್ನೊಂದು, ಫಿಲ್ಟರ್ ಹಳೇ ಕೀಗಳನ್ನು (0ಯಿಂದ ಶುರುವಾಗುವ ಸ್ಥಾನದ ಸಂಖ್ಯೆಗಳನ್ನು) ಹಾಗೇ ಉಳಿಸುತ್ತದೆ. ನಮ್ಮ ಪಟ್ಟಿಯಲ್ಲಿ 0 ಮತ್ತು 2 ಉಳಿಯುತ್ತವೆ, 1 ಇರುವುದಿಲ್ಲ. ಅದನ್ನೇ ಬ್ರೌಸರ್‌ಗೆ ಕಳಿಸಲು ಜೇಸನ್ ಎಂಬ ಪಠ್ಯರೂಪ ಮಾಡಿದರೆ ಪಟ್ಟಿಯ ಬದಲು ಆಬ್ಜೆಕ್ಟ್ ಆಗಿಬಿಡುತ್ತದೆ, ಬ್ರೌಸರ್ ಕಡೆಯ ಕೋಡ್ ಕೈಕೊಡುತ್ತದೆ. ನಡುವೆ ಕೀಗಳನ್ನು 0ಯಿಂದ ಮತ್ತೆ ಎಣಿಸುವ ಅರೇ_ವ್ಯಾಲ್ಯೂಸ್ ಹಾಕಿ, ಸರಿಹೋಗುತ್ತದೆ. ಷರತ್ತು ಕೊಡದೆ ಸುಮ್ನೆ ಫಿಲ್ಟರ್ ಕರೆದರೆ 0 ಕೂಡ ಮಾಯ. ಉಚಿತ ವಸ್ತುವಿನ ಬೆಲೆ 0 ತಾನೇ? ಹುಷಾರು.

ಪಿಎಚ್‌ಪಿಯಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇನ್ನೊಂದಿದೆ. ಫಂಕ್ಷನ್‌ಗೆ ಅರೇ ಕೊಟ್ಟು ಒಳಗೆ ಬದಲಿಸಿದರೂ ಹೊರಗಿನದು ಹಾಗೇ ಇರುತ್ತದೆ. ಕ್ರಮವಾಗಿ ಜೋಡಿಸುವ ಸಾರ್ಟ್ ಫಂಕ್ಷನ್ ತನಗೆ ಕೊಟ್ಟ ಅರೇಯನ್ನೇ ಬದಲಿಸುತ್ತದೆ, ನಿಜ. ಆದರೆ ಅದನ್ನು ನಿಮ್ಮದೊಂದು ಪುಟ್ಟ ಫಂಕ್ಷನ್‌ನೊಳಗೆ ಇಟ್ಟು, ಜೋಡಿಸಿದ ಪಟ್ಟಿಯನ್ನು ವಾಪಸ್ ಕೊಟ್ಟರೆ ಮೂಲ ಪಟ್ಟಿಗೆ ಏನೂ ಆಗದು. ಆಬ್ಜೆಕ್ಟ್‌ಗೆ ಈ ರಕ್ಷಣೆ ಇಲ್ಲ. ಅದಕ್ಕೆ 8.1ರಲ್ಲಿ ಬಂದ, ಒಮ್ಮೆ ಇಟ್ಟದ್ದನ್ನು ಮತ್ತೆ ಬದಲಿಸಲು ಬಿಡದ ರೀಡ್‌ಓನ್ಲಿ ಬಳಸಿ.

2025ರ 8.5ರಲ್ಲಿ |> ಎಂಬ ಪೈಪ್ ಬಂದಿದೆ. ಎಡಗಡೆಯ ಉತ್ತರ ಬಲಗಡೆಯ ಫಂಕ್ಷನ್‌ಗೆ ಹೋಗುತ್ತದೆ. ಆವರಣದೊಳಗೆ ಆವರಣ ಎಣಿಸುವ ಕಷ್ಟ ತಪ್ಪುತ್ತದೆ.

ದೊಡ್ಡ ಫೈಲ್ ಓದುವಾಗ ಮಾತ್ರ ಇಡೀ ಪಟ್ಟಿಯನ್ನು ಮೆಮೊರಿಗೆ ತುಂಬಬೇಡಿ. ಕೇಳಿದಾಗಲಷ್ಟೇ ಮುಂದಿನದನ್ನು ಕೊಡುವ ಯೀಲ್ಡ್ ಬಳಸಿ ಒಂದೊಂದೇ ಸಾಲು ಕೊಡಿ. ಲೂಪ್ ಬದಲು ಆಳವಾದ ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯುವುದು) ಕೂಡ ಬೇಡ. ಫಂಕ್ಷನ್‌ನ ಕೊನೆಯಲ್ಲಿ ಬರುವ ಇಂಥ ಕರೆಗೆ ಹೆಚ್ಚುವರಿ ಮೆಮೊರಿ ಉಳಿಸುವ ಸೌಲಭ್ಯ ಪಿಎಚ್‌ಪಿಯಲ್ಲಿಲ್ಲ.

ಮುಗಿದ ಮೇಲೆ ಆ ಮೂರು ಆರ್ಡರ್‌ಗಳನ್ನು ಕೈಯಾರೆ ಬರೆದು ಫಂಕ್ಷನ್‌ಗೆ ಕೊಡಿ. ಡೇಟಾಬೇಸ್ ಇಲ್ಲದೆಯೇ 1470 ಬರಬೇಕು.